ಉಪಸರ್ಗವೋ ವಿಭಕ್ತಿಯೋ: ಇಂಗ್ಲಿಷ್ ಕ್ರಿಯಾಪದಗಳ ಸಂಯೋಜನೆ ಮತ್ತು ಕನ್ನಡದ ಗ್ರಹಿಕೆ

ಪೀಠಿಕೆ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ಕನ್ನಡಿಗರನ್ನು ಅತಿ ದೀರ್ಘಕಾಲ ಕಾಡುವ ತೊಡಕು ಆ ಭಾಷೆಯ ದೊಡ್ಡ ಪದಗಳದ್ದಲ್ಲ, ಸಣ್ಣ ಪದಗಳದ್ದು. ಆನ್, ಆಫ್, ಅಪ್, ಔಟ್, ಟು, ಫಾರ್, ವಿತ್ ಮೊದಲಾದ ಒಂದಕ್ಷರ ಎರಡಕ್ಷರದ ಅವ್ಯಯಗಳು ಕ್ರಿಯಾಪದದ ಪಕ್ಕದಲ್ಲಿ ನಿಂತು ಅದರ ಅರ್ಥವನ್ನೇ ತಿರುಗಿಸಿಬಿಡುತ್ತವೆ. ‘ಪುಟ್’ ಎಂದರೆ ಇಡು. ಆದರೆ ‘ಪುಟ್ ಆನ್’ ಎಂದರೆ ತೊಟ್ಟುಕೊಳ್ಳು, ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಇಂತಹ ಸಂಯೋಜನೆಗಳು ಪರಭಾಷಿಕರಿಗೆ ಬಹಳ ಕಷ್ಟವೆಂದು ಹೇಳಿ, ಅವುಗಳನ್ನು ವಿಶೇಷ ಶ್ರದ್ಧೆಯಿಂದ ಸಂಗ್ರಹಿಸಿದುದಾಗಿ ತಿಳಿಸಿದ್ದಾನೆ. ಎರಡೂವರೆ ಶತಮಾನಗಳು ಕಳೆದರೂ ಕಷ್ಟ ಹಾಗೆಯೇ ಉಳಿದಿದೆ.

ಕನ್ನಡದಲ್ಲಿ ಈ ವಿಷಯದ ವಿವೇಚನೆ ಬಹುತೇಕ ಎರಡು ದಾರಿಗಳಲ್ಲಿ ನಡೆದಿದೆ. ನಿಘಂಟುಗಳು ಪ್ರತಿಯೊಂದು ಸಂಯೋಜನೆಗೂ ಅರ್ಥವನ್ನು ಕೊಡುತ್ತವೆ. ಶಾಲಾ ವ್ಯಾಕರಣಗಳು ಪಟ್ಟಿಯನ್ನು ಕೊಟ್ಟು ಬಾಯಿಪಾಠ ಮಾಡಲು ಹೇಳುತ್ತವೆ. ಇವೆರಡರಲ್ಲಿಯೂ ಕೇಳದೆ ಉಳಿದ ಪ್ರಶ್ನೆ ಒಂದಿದೆ: ಇಂಗ್ಲಿಷ್ ಈ ಅವ್ಯಯಗಳಿಂದ ಮಾಡುವ ಕೆಲಸವನ್ನು ಕನ್ನಡ ಯಾವುದರಿಂದ ಮಾಡುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯುವುದು ಗ್ರಂಥಗಳಿಗಿಂತ ಹೆಚ್ಚಾಗಿ ದಿನಬಳಕೆಯ ಮಾತಿನಲ್ಲಿ. ಕನಕಪುರದಿಂದ ಕಾವೇರಿ ಅರ್ಕಾವತಿಗಳ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂತಹ ಊರಿನ ಮಾತು ಈ ದೃಷ್ಟಿಯಿಂದ ಗಮನಾರ್ಹವಾದುದು. ಅಲ್ಲಿ ಒಂದು ಕಡೆ ರೇಷ್ಮೆ ಮತ್ತು ರಾಗಿಯ ಬೇಸಾಯದ ಹಳೆಯ ಕನ್ನಡವಿದೆ, ಇನ್ನೊಂದು ಕಡೆ ಬೆಂಗಳೂರಿನ ನಿತ್ಯ ಸಂಪರ್ಕವಿದೆ. ಅಲ್ಲಿ ಕೇಳಬರುವ ಬಳಕೆಗಳು ಆ ಊರಿಗೆ ಮಾತ್ರ ಸೀಮಿತವಾದುವಲ್ಲ. ಹಳೆಯ ಮೈಸೂರು ಭಾಗದ ಗ್ರಾಮೀಣ ಕನ್ನಡದಲ್ಲೆಲ್ಲ ಅವು ಸಾಮಾನ್ಯ. ಆದುದರಿಂದಲೇ ಅವುಗಳಿಗೆ ಪ್ರಾತಿನಿಧಿಕ ಬೆಲೆಯಿದೆ.

ಪರಿಭಾಷೆಯ ಗೊಂದಲ

ಇಂಗ್ಲಿಷಿನ ‘ಪ್ರಿಪೊಸಿಷನ್’ ಎಂಬುದಕ್ಕೆ ಕನ್ನಡ ಶಾಲಾ ವ್ಯಾಕರಣಗಳಲ್ಲಿ ‘ಉಪಸರ್ಗ’ ಎಂಬ ಪದ ರೂಢಿಯಾಗಿದೆ. ತೊಡಕಿನ ಮೊದಲ ಗಂಟು ಇರುವುದು ಇಲ್ಲಿಯೇ. ಸಂಸ್ಕೃತ ವ್ಯಾಕರಣದಲ್ಲಿ ಉಪಸರ್ಗವೆಂದರೆ ಧಾತುವಿಗೆ ಸೇರಿ ಅದರ ಅರ್ಥವನ್ನು ಬದಲಿಸುವ ಪ್ರ, ಸಂ, ವಿ, ಪರಿ, ಆ ಮೊದಲಾದ ಅವ್ಯಯ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಇವೆಲ್ಲವೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಉಪಸರ್ಗದಿಂದಲೇ ಅವುಗಳ ಅರ್ಥಗಳು ದೂರ ದೂರ ಸರಿದಿವೆ. ‘ಪುಟ್’ ಎಂಬುದರಿಂದ ತೊಡು, ಮುಂದೂಡು, ಆರಿಸು ಎಂಬ ಅರ್ಥಗಳು ಹುಟ್ಟುವುದೂ ಇದೇ ರೀತಿಯಲ್ಲಿ. ಇಲ್ಲಿ ಹೋಲಿಕೆ ಸರಿಯಾಗಿದೆ.

ಆದರೆ ಇಂಗ್ಲಿಷಿನ ಪ್ರಿಪೊಸಿಷನ್‌ಗಳ ಮುಖ್ಯ ಕೆಲಸ ಇದಲ್ಲ. ‘ವೇಟ್ ಫಾರ್ ದ ಬಸ್’ ಎಂಬಲ್ಲಿ ‘ಫಾರ್’ ಎಂಬುದು ಕ್ರಿಯಾಪದದ ಅರ್ಥವನ್ನು ಬದಲಿಸುವುದಿಲ್ಲ. ಬಸ್ಸಿಗೂ ಕಾಯುವ ಕ್ರಿಯೆಗೂ ಇರುವ ಸಂಬಂಧವನ್ನು ತೋರಿಸುತ್ತದೆ. ಕನ್ನಡದಲ್ಲಿ ಈ ಕೆಲಸ ವಿಭಕ್ತಿಯದು: ‘ಬಸ್ಸಿಗೆ ಕಾಯು’. ಹೀಗೆ ಎರಡು ಬೇರೆ ಬೇರೆ ಕೆಲಸಗಳಿಗೆ ‘ಉಪಸರ್ಗ’ವೆಂಬ ಒಂದೇ ಹೆಸರು ಬಿದ್ದುದರಿಂದ, ಕಲಿಯುವವರಿಗೆ ಎಲ್ಲಿ ಅರ್ಥವನ್ನು ಕಲಿಯಬೇಕು, ಎಲ್ಲಿ ಸಂಬಂಧವನ್ನು ಗುರುತಿಸಬೇಕು ಎಂಬುದು ತಿಳಿಯದೆ ಹೋಯಿತು.

ವಿಶೇಷವೆಂದರೆ ಈ ವ್ಯತ್ಯಾಸವನ್ನು ಸೂಚಿಸುವ ಪರಿಭಾಷೆ ನಮ್ಮ ಪರಂಪರೆಯಲ್ಲಿಯೇ ಇದೆ. ಪಾಣಿನಿಯ ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಕ್ರಿಯೆಯೊಂದಿಗೆ ಯೋಗವಾಗುವ ಅವ್ಯಯಗಳಿಗೆ ಉಪಸರ್ಗವೆಂದು ಹೆಸರು. ಅದೇ ಪಾದದಲ್ಲಿ ಮುಂದೆ ಕರ್ಮಪ್ರವಚನೀಯಗಳೆಂಬ ಮತ್ತೊಂದು ವರ್ಗವನ್ನು ಹೇಳಲಾಗಿದೆ. ಇವು ಕ್ರಿಯೆಗೆ ಅಂಟಿಕೊಳ್ಳದೆ, ನಾಮಪದವು ಇಂಥದೇ ವಿಭಕ್ತಿಯಲ್ಲಿರಬೇಕೆಂದು ವಿಧಿಸುತ್ತವೆ. ಅನು, ಪ್ರತಿ, ಅಭಿ ಮೊದಲಾದವು ಎರಡು ವರ್ಗಗಳಲ್ಲಿಯೂ ಬರುತ್ತವೆ. ಅಂದರೆ ರೂಪ ಒಂದೇ, ಕೆಲಸ ಎರಡು. ಇಂಗ್ಲಿಷಿನ ಸ್ಥಿತಿಯೂ ಇದೇ ಆಗಿದೆ.

ಇಂಗ್ಲಿಷಿನಲ್ಲಿ ಇವೆರಡನ್ನು ಬೇರ್ಪಡಿಸುವ ಸುಲಭವಾದ ಪರೀಕ್ಷೆಯೊಂದಿದೆ. ಕರ್ಮಪದದ ಸ್ಥಾನದಲ್ಲಿ ಸರ್ವನಾಮವನ್ನು ಇಟ್ಟು ನೋಡುವುದು. ‘ಪುಟ್ ಇಟ್ ಆಫ್’ ಎಂಬುದು ಸರಿ, ‘ಪುಟ್ ಆಫ್ ಇಟ್’ ಎಂಬುದು ತಪ್ಪು. ‘ಲುಕ್ ಆಫ್ಟರ್ ಹಿಮ್’ ಎಂಬುದು ಸರಿ, ‘ಲುಕ್ ಹಿಮ್ ಆಫ್ಟರ್’ ಎಂಬುದು ತಪ್ಪು. ಮೊದಲನೆಯದರಲ್ಲಿ ‘ಆಫ್’ ಕ್ರಿಯಾಪದದ ಸೊತ್ತು. ಆದುದರಿಂದ ಕರ್ಮವು ಅವೆರಡರ ನಡುವೆ ಬಂದರೂ ಸಂಬಂಧ ಕಡಿಯುವುದಿಲ್ಲ. ವೇದಭಾಷೆಯಲ್ಲಿ ಉಪಸರ್ಗವು ಧಾತುವಿನಿಂದ ದೂರ ನಿಂತು, ನಡುವೆ ಬೇರೆ ಪದಗಳು ಬರುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಎರಡನೆಯದರಲ್ಲಿ ‘ಆಫ್ಟರ್’ ನಾಮಪದವನ್ನು ಹಿಡಿದುಕೊಂಡಿದೆ. ಅದನ್ನು ಬಿಟ್ಟು ಹಿಂದೆ ಸರಿಯಲಾರದು. ‘ಪುಟ್ ಅಪ್ ವಿತ್ ಹಿಮ್’ ಎಂಬಲ್ಲಿ ಎರಡೂ ಒಟ್ಟಿಗೆ ಇವೆ: ‘ಅಪ್’ ಉಪಸರ್ಗದಂತಹುದು, ‘ವಿತ್’ ಕರ್ಮಪ್ರವಚನೀಯದಂತಹುದು.

ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಬೇಕೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ವಾದಿಸಿದ ಮೇಲೆ, ಮತ್ತೆ ಪಾಣಿನಿಯ ಪರಿಭಾಷೆಗೆ ಮರಳುವುದು ಹಿನ್ನಡೆಯೆಂದು ತೋರಬಹುದು. ಆದರೆ ಇಲ್ಲಿ ಆ ಪರಿಭಾಷೆಯನ್ನು ಹೊರಿಸುತ್ತಿರುವುದು ಕನ್ನಡದ ಮೇಲಲ್ಲ. ಸಂಸ್ಕೃತದಿಂದ ತಂದ ಒಂದು ಪದವನ್ನು ಇಂಗ್ಲಿಷಿಗೆ ಈಗಾಗಲೇ ಅಂಟಿಸಲಾಗಿದೆ, ಅದೂ ಅರ್ಧವನ್ನು ಮಾತ್ರ. ಉಳಿದರ್ಧವನ್ನು ಬಿಟ್ಟುದರಿಂದ ಆದ ನಷ್ಟವನ್ನು ತೋರಿಸುವುದಷ್ಟೇ ಇಲ್ಲಿಯ ಉದ್ದೇಶ. ಕನ್ನಡದ ಮಟ್ಟಿಗೆ ಶಂಕರ ಭಟ್ಟರ ಎಚ್ಚರಿಕೆ ಇನ್ನೂ ಪ್ರಸ್ತುತ. ಏಕೆಂದರೆ ಇಂಗ್ಲಿಷಿನ ಈ ಸಂಯೋಜನೆಗಳಿಗೆ ಕನ್ನಡ ಕೊಡುವ ಉತ್ತರ ಸಂಸ್ಕೃತದ ದಾರಿಯದ್ದಲ್ಲ.

ಕನ್ನಡದ ದಾರಿ

ಕನ್ನಡದಲ್ಲಿ ದಿಕ್ಕನ್ನು ಸೂಚಿಸುವ ಪದಗಳು ಕ್ರಿಯಾಪದಕ್ಕೆ ಸೇರುವುದುಂಟು. ಹೊರತರು, ಒಳಗೊಳ್ಳು, ಹಿಂತೆಗೆ, ಮುಂದೂಡು, ಮೇಲೆತ್ತು ಎಂಬಂತಹ ರೂಪಗಳು ಪ್ರಸಿದ್ಧವಾಗಿಯೇ ಇವೆ. ಹಳಗನ್ನಡದ ‘ಪೊಱಮಡು’ ಎಂಬುದರ ಸಂಬಂಧಿಯಾದ ‘ಹೊರಡು’ ಎಂಬ ಇಂದಿನ ಪದದಲ್ಲಿಯೂ ‘ಹೊರ’ ಅಡಗಿದೆ. ಇಂಗ್ಲಿಷಿನ ‘ಸೆಟ್ ಔಟ್’ ಎಂಬುದರಲ್ಲಿ ‘ಔಟ್’ ಇರುವ ಹಾಗೆ. ಆದರೆ ದಿಕ್ಕಿನ ಕಲ್ಪನೆ ಎರಡು ಭಾಷೆಗಳಲ್ಲಿ ಒಂದೇ ಆಗಿರಬೇಕಿಲ್ಲ. ಸಭೆಯನ್ನು ಇಂಗ್ಲಿಷ್ ‘ಆಚೆಗೆ’ ಇಡುತ್ತದೆ, ಕನ್ನಡ ‘ಮುಂದಕ್ಕೆ’ ದೂಡುತ್ತದೆ. ‘ಆಫ್’ ಎಂಬುದನ್ನು ಪದಕ್ಕೆ ಪದವಾಗಿ ಕನ್ನಡಿಸಲು ಹೊರಟವರಿಗೆ ‘ಮುಂದೂಡು’ ಎಂದಿಗೂ ಹೊಳೆಯಲಾರದು.

ಇಂತಹ ರೂಪಗಳ ಸಂಖ್ಯೆ ಮಿತವಾದುದು. ಕನ್ನಡದ ನಿಜವಾದ ಸಾಧನ ಬೇರೆಯೇ ಇದೆ. ಅದು ಕ್ರಿಯಾಪದದ ಮುಂದೆ ಬರುವ ಬಿಡು, ಹೋಗು, ಹಾಕು, ಕೊಳ್ಳು, ಕೊಡು ಎಂಬ ಸಹಾಯಕ ಕ್ರಿಯಾಪದಗಳು. ಮಗುವಿಗೆ ಊಟ ಮುಗಿಸಲು ಹೇಳುವಾಗ ಇಂಗ್ಲಿಷ್ ‘ಈಟ್ ಇಟ್ ಅಪ್’ ಎನ್ನುತ್ತದೆ. ಅದೇ ಸಂದರ್ಭದಲ್ಲಿ ಕನಕಪುರದ ಕಡೆಯ ತಾಯಿ ‘ತಿಂದ್ಬುಡು’ ಎನ್ನುತ್ತಾಳೆ. ಇಲ್ಲಿ ‘ಅಪ್’ ಎಂದರೆ ಮೇಲಲ್ಲ, ‘ಬುಡು’ ಎಂದರೆ ಬಿಡುವುದಲ್ಲ. ಎರಡೂ ಕ್ರಿಯೆ ಪೂರ್ಣವಾಗಬೇಕೆಂಬುದನ್ನು ಸೂಚಿಸುತ್ತವೆ. ಕೆರೆ ಬತ್ತಿದರೆ ಇಂಗ್ಲಿಷಿನಲ್ಲಿ ‘ಡ್ರೈ ಅಪ್’, ಕನ್ನಡದಲ್ಲಿ ‘ಒಣಗಿಹೋಗು’, ಆಡುಮಾತಿನಲ್ಲಿ ‘ಒಣಗೋಯ್ತು’. ಚಪ್ಪಲಿ ಸವೆದರೆ ‘ವೇರ್ ಔಟ್’, ‘ಸವೆದುಹೋಗು’. ದೀಪ ಆರಿದರೆ ‘ಗೋ ಔಟ್’, ‘ಆರಿಹೋಗು’. ಹಲಗೆಯ ಮೇಲಿನ ಬರಹವನ್ನು ಅಳಿಸಿದರೆ ‘ರಬ್ ಔಟ್’, ‘ಅಳಿಸಿಹಾಕು’. ಅಂಗಿ ತೊಟ್ಟರೆ ‘ಪುಟ್ ಆನ್’, ‘ಹಾಕಿಕೊಳ್ಳು’.

ಇವುಗಳಲ್ಲಿ ಅತ್ಯಂತ ಬೋಧಪ್ರದವಾದ ಉದಾಹರಣೆ ‘ನೋಡು’ ಎಂಬುದು. ‘ಲುಕ್ ಅಟ್’ ಎಂದರೆ ನೋಡು, ‘ಲುಕ್ ಆಫ್ಟರ್’ ಎಂದರೆ ನೋಡಿಕೊಳ್ಳು. ಇಂಗ್ಲಿಷ್ ‘ಅಟ್’ ಎಂಬುದನ್ನು ತೆಗೆದು ‘ಆಫ್ಟರ್’ ಎಂಬುದನ್ನು ಇಟ್ಟು ಮಾಡುವ ಅರ್ಥಾಂತರವನ್ನು ಕನ್ನಡ ‘ಕೊಳ್ಳು’ ಎಂಬ ಒಂದು ಸಹಾಯಕ ಕ್ರಿಯಾಪದದಿಂದ ಸಾಧಿಸುತ್ತದೆ. ಹಳ್ಳಿಯ ಯಾವ ಮಗುವೂ ‘ಮಗೀನ ನೋಡು’, ‘ಮಗೀನ ನೋಡ್ಕೊ’ ಎಂಬೆರಡರ ನಡುವಿನ ವ್ಯತ್ಯಾಸವನ್ನು ತಪ್ಪುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ‘ಲುಕ್ ಆಫ್ಟರ್’ ಬಂದಾಗ ಆ ಮಗುವಿಗೆ ಪರಿಚಿತವಾದ ಈ ವ್ಯವಸ್ಥೆಯನ್ನು ನೆನಪಿಸುವ ಬದಲು, ಅದೊಂದು ಕಾರಣವಿಲ್ಲದ ನುಡಿಗಟ್ಟೆಂದು ಕಂಠಪಾಠ ಮಾಡಿಸಲಾಗುತ್ತದೆ.

ಈ ಹೊಂದಿಕೆ ಎಲ್ಲ ಕಡೆಯೂ ಒಂದಕ್ಕೊಂದರಂತೆ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ನಿಘಂಟಿನಲ್ಲಿ ಪದವನ್ನು ಹುಡುಕುವುದಕ್ಕೆ ‘ಲುಕ್ ಅಪ್’ ಎನ್ನುವಾಗ ಅಲ್ಲಿಯ ‘ಅಪ್’ ಪೂರ್ಣತೆಯನ್ನು ಹೇಳುವುದಿಲ್ಲ. ‘ಅಪ್’ ಎಂದರೆ ‘ಬಿಡು’ ಎಂದು ಸೂತ್ರ ಬರೆದರೆ ಹೊಸದೊಂದು ತಪ್ಪಿಗೆ ದಾರಿಯಾದೀತು. ಎರಡು ಭಾಷೆಗಳೂ ಕ್ರಿಯೆಯ ಪೂರ್ಣತೆ, ದಿಕ್ಕು, ಫಲಾನುಭವಗಳನ್ನು ಕ್ರಿಯಾಪದದ ಜೊತೆಗಾರ ಪದಗಳಿಗೆ ವಹಿಸುತ್ತವೆ. ಇಂಗ್ಲಿಷ್ ಅದಕ್ಕೆ ಅವ್ಯಯವನ್ನು ಬಳಸಿದರೆ ಕನ್ನಡ ಮತ್ತೊಂದು ಕ್ರಿಯಾಪದವನ್ನು ಬಳಸುತ್ತದೆ. ಇಷ್ಟೇ ಇಲ್ಲಿಯ ಸಾಮ್ಯ.

ಆಡುಮಾತಿಗೆ ಬಂದ ಅವ್ಯಯಗಳು

ಇಂಗ್ಲಿಷ್ ಬಾರದವರು ತಮ್ಮ ಕನ್ನಡದಲ್ಲಿ ಬಳಸುವ ಇಂಗ್ಲಿಷ್ ಸಂಯೋಜನೆಗಳನ್ನು ನೋಡಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ಕೊಳವೆಬಾವಿಯ ರೈತ ‘ಕರೆಂಟ್ ಬಂತು, ಮೋಟ್ರು ಆನ್ ಮಾಡು’ ಎನ್ನುತ್ತಾನೆ. ಇಂಗ್ಲಿಷಿನ ‘ಸ್ವಿಚ್ ಆನ್’ ಎಂಬಲ್ಲಿದ್ದ ಕ್ರಿಯಾಪದ ಬಿದ್ದುಹೋಗಿ ಅವ್ಯಯ ಮಾತ್ರ ಉಳಿದಿದೆ. ಇಂಗ್ಲಿಷಿನಲ್ಲಿಯೂ ದೀಪ ‘ಆನ್’ ಆಗಿರುವುದುಂಟು. ಆದರೆ ಅದಕ್ಕೆ ‘ಮಾಡು’ ಸೇರಿಸಿ ಸಕರ್ಮಕವನ್ನೂ ‘ಆಗು’ ಸೇರಿಸಿ ಅಕರ್ಮಕವನ್ನೂ ಕಟ್ಟಿದ್ದು ಕನ್ನಡದ ಕೆಲಸ. ಮೋಟಾರನ್ನು ಆನ್ ಮಾಡಬಹುದು, ಅದು ತಾನಾಗಿಯೇ ಆನ್ ಆಗಬಹುದು. ಆಟಗಾರನನ್ನು ಔಟ್ ಮಾಡಬಹುದು, ಅವನು ಔಟ್ ಆಗಬಹುದು. ಅರ್ಥದ ಭಾರವಿರುವುದು ಅವ್ಯಯದ ಮೇಲೆ, ವ್ಯಾಕರಣದ ಭಾರವಿರುವುದು ಕನ್ನಡ ಕ್ರಿಯಾಪದದ ಮೇಲೆ. ಉಪಸರ್ಗ ಸದೃಶವಾದ ಅವ್ಯಯದಲ್ಲಿಯೇ ಅರ್ಥವಿದೆ ಎಂಬ ಸಂಗತಿಯನ್ನು ಪಠ್ಯಪುಸ್ತಕ ಹೇಳುವ ಮೊದಲೇ ಆಡುಮಾತು ಕಂಡುಕೊಂಡಿದೆ.

ಬೆಂಗಳೂರಿಗೋ ಕನಕಪುರಕ್ಕೋ ದಿನವೂ ಕೆಲಸಕ್ಕೆ ಹೋಗಿಬರುವವನು ‘ಅಪ್ ಅಂಡ್ ಡೌನ್ ಮಾಡುತ್ತಾನೆ’. ಇಲ್ಲಿಯೂ ಕ್ರಿಯಾಪದವಿಲ್ಲ, ಎರಡು ಅವ್ಯಯಗಳೇ ಪ್ರಯಾಣವಾಗಿವೆ. ಗೂಡಿನ ಧಾರಣೆ ಕುಸಿದಾಗ ರೇಷ್ಮೆ ಬೆಳೆಗಾರನ ಬಾಯಲ್ಲಿ ‘ಈ ರೇಟಿಗೆ ವರ್ಕೌಟ್ ಆಗಲ್ಲ’ ಎಂಬ ಮಾತು ಬರುವುದುಂಟು. ಲೆಕ್ಕ ಹೊಂದುವುದಿಲ್ಲ, ಅಸಲು ಗಿಟ್ಟುವುದಿಲ್ಲ ಎಂಬ ಅರ್ಥ ಇಂಗ್ಲಿಷಿನ ‘ವರ್ಕ್ ಔಟ್’ ಎಂಬುದರ ಒಂದು ಅರ್ಥಕ್ಕೆ ತೀರ ಹತ್ತಿರದಲ್ಲಿದೆ. ಸಂದರ್ಭವೇ ಕಲಿಸಿದ ಇಂಗ್ಲಿಷಿದು, ಇದರಲ್ಲಿ ತಪ್ಪಿಲ್ಲ.

ಮತ್ತೊಂದು ವರ್ಗದ ಪದಗಳಲ್ಲಿ ಕ್ರಿಯಾಪದ ಅವ್ಯಯಗಳೆರಡೂ ಸೇರಿ ನಾಮಪದವಾಗಿ ಬಂದಿವೆ. ಸಿನಿಮಾ ಮಂದಿರದ ಮುಂದಿನ ಕಟೌಟು, ಊರಂಚಿನ ಹೊಲಗಳಲ್ಲಿ ಏಳುವ ಲೇಔಟು, ಶಾಲೆಯ ಸೆಂಡಾಫು, ಆಸ್ಪತ್ರೆಯ ಚೆಕಪ್ಪು, 2020ರಲ್ಲಿ ಮನೆಮನೆಯ ಮಾತಾದ ಲಾಕ್‌ಡೌನು ಇವೆಲ್ಲ ಹೀಗೆ ಬಂದವು. ಇವುಗಳಲ್ಲಿ ಅವ್ಯಯವಿರುವುದು ಯಾರ ಗಮನಕ್ಕೂ ಬರುವುದಿಲ್ಲ. ‘ಲೇಔಟಿಗೆ’, ‘ಲೇಔಟಿನಿಂದ’ ಎಂದು ವಿಭಕ್ತಿ ಸೇರಿ ಅವು ಕನ್ನಡದ ನಾಮಪದಗಳೇ ಆಗಿಬಿಟ್ಟಿವೆ. ‘ಪಿಕಪ್’ ಎಂಬುದು ಸರಕು ಸಾಗಿಸುವ ವಾಹನವೂ ಆಗಿದೆ, ದ್ವಿಚಕ್ರ ವಾಹನದ ವೇಗವರ್ಧನೆಯ ಶಕ್ತಿಯೂ ಆಗಿದೆ, ವ್ಯಾಪಾರ ಚೇತರಿಸಿಕೊಳ್ಳುವುದೂ ಆಗಿದೆ. ‘ಪಾಸೌಟ್ ಆದ’ ಎಂದರೆ ಕನ್ನಡಿಗರಿಗೆ ಪದವಿ ಮುಗಿಸಿದ ಎಂದರ್ಥ. ಬ್ರಿಟಿಷ್ ಬಳಕೆಯಲ್ಲಿ ಅದು ಸೈನಿಕ ತರಬೇತಿ ಮುಗಿಸಿದವರಿಗೆ ಸಲ್ಲುತ್ತದೆ. ಸಾಮಾನ್ಯ ಇಂಗ್ಲಿಷಿನಲ್ಲಿ ಪ್ರಜ್ಞೆ ತಪ್ಪುವುದೆಂದೇ ಹೆಚ್ಚಿನವರು ತಿಳಿಯುತ್ತಾರೆ. ಸಂದರ್ಶನದ ಮೇಜಿನ ಮುಂದೆ ಈ ವ್ಯತ್ಯಾಸಕ್ಕೆ ಬೆಲೆ ತೆರಬೇಕಾಗುವುದು ಗ್ರಾಮೀಣ ಅಭ್ಯರ್ಥಿಯೇ.

ತರಗತಿಯಲ್ಲಿ ತಪ್ಪಿನ ಮೂಲ

ಆಡುಮಾತಿನಲ್ಲಿ ಇಷ್ಟು ಸಮರ್ಥವಾಗಿ ಅವ್ಯಯಗಳನ್ನು ಬಳಸುವ ಸಮುದಾಯದ ಮಕ್ಕಳು ಇಂಗ್ಲಿಷ್ ವಾಕ್ಯ ರಚಿಸುವಾಗ ಏಕೆ ಎಡವುತ್ತಾರೆ? ಅವರ ತಪ್ಪುಗಳು ಯಾದೃಚ್ಛಿಕವಾದುವಲ್ಲ ಎಂಬುದನ್ನು ಮೊದಲು ಗುರುತಿಸಬೇಕು. ಅವುಗಳಲ್ಲಿ ಬಹುಪಾಲು ಕನ್ನಡ ವಿಭಕ್ತಿಯ ನಿಷ್ಠಾವಂತ ಅನುವಾದಗಳು. ಮೇಷ್ಟ್ರು ‘ನನ್ನ ಮೇಲೆ’ ರೇಗಿದುದರಿಂದ ‘ಶೌಟೆಡ್ ಆನ್ ಮಿ’ ಬರುತ್ತದೆ. ಇಂಗ್ಲಿಷ್ ಅಲ್ಲಿ ‘ಅಟ್’ ಎಂಬುದನ್ನು ಬೇಡುತ್ತದೆ. ‘ಅವನ ಜೊತೆ’ ಮದುವೆಯಾದುದರಿಂದ ‘ಮ್ಯಾರೀಡ್ ವಿತ್ ಹಿಮ್’ ಬರುತ್ತದೆ. ‘ಮನೆಗೆ’ ಹೋದುದರಿಂದ ‘ಗೋ ಟು ಹೋಮ್’, ‘ಊರಿಗೆ’ ತಲುಪಿದುದರಿಂದ ‘ರೀಚ್ ಟು’, ‘ವಿಷಯದ ಬಗ್ಗೆ’ ಚರ್ಚಿಸಿದುದರಿಂದ ‘ಡಿಸ್ಕಸ್ ಅಬೌಟ್’ ಬರುತ್ತವೆ. ಕನ್ನಡದಲ್ಲಿ ವಿಭಕ್ತಿಯಿರುವ ಕಡೆ ಇಂಗ್ಲಿಷಿನಲ್ಲಿ ಏನೂ ಇಲ್ಲದಿರುವುದು ವಿದ್ಯಾರ್ಥಿಗೆ ಕೊರತೆಯಾಗಿ ಕಾಣುತ್ತದೆ, ಅದನ್ನು ತುಂಬುತ್ತಾನೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ‘ಕೇಳು’ ಎಂಬ ಒಂದೇ ಕನ್ನಡ ಕ್ರಿಯಾಪದ ಹಾಡು ಕೇಳುವುದಕ್ಕೂ ದಾರಿ ಕೇಳುವುದಕ್ಕೂ ಸಾಲ ಕೇಳುವುದಕ್ಕೂ ಹಿರಿಯರ ಮಾತು ಕೇಳುವುದಕ್ಕೂ ಸಲ್ಲುತ್ತದೆ. ಇಂಗ್ಲಿಷ್ ಇವುಗಳನ್ನು ‘ಲಿಸನ್ ಟು’, ‘ಆಸ್ಕ್’, ‘ಆಸ್ಕ್ ಫಾರ್’, ‘ಒಬೇ’ ಎಂದು ಹಂಚುತ್ತದೆ. ‘ಹಾಡು ಕೇಳು’, ‘ಸಾಲ ಕೇಳು’ ಎಂಬಲ್ಲಿ ಕರ್ಮಪದಕ್ಕೆ ಪ್ರತ್ಯಯವೇ ಕಾಣದಿರುವುದರಿಂದ ‘ಲಿಸನ್ ಸಾಂಗ್’, ‘ಆಸ್ಕ್ ಲೋನ್’ ಎಂಬ ರಚನೆಗಳು ಹುಟ್ಟುತ್ತವೆ.

ಕೆಲವು ಕಡೆ ಕನ್ನಡದ ವಿಭಕ್ತಿ ಇಂಗ್ಲಿಷಿಗೆ ನೇರವಾಗಿ ದಾರಿ ತೋರಿಸುತ್ತದೆ. ‘ಬಿಲೀವ್ ಹಿಮ್’ ಎಂದರೆ ಅವನು ಹೇಳಿದುದನ್ನು ನಂಬು, ‘ಬಿಲೀವ್ ಇನ್ ಹಿಮ್’ ಎಂದರೆ ಅವನಲ್ಲಿ ನಂಬಿಕೆಯಿಡು. ದ್ವಿತೀಯಾ ಮತ್ತು ಸಪ್ತಮೀ ವಿಭಕ್ತಿಗಳ ವ್ಯತ್ಯಾಸವೇ ಇಲ್ಲಿ ಇಂಗ್ಲಿಷಿನ ವ್ಯತ್ಯಾಸವೂ ಆಗಿದೆ. ಒಂದು ವಿಭಕ್ತಿಯ ಸ್ಥಾನದಲ್ಲಿ ಮತ್ತೊಂದು ಬರುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಪಲ್ಲಟವೆಂದು ವಿವೇಚಿಸಿದ್ದಾನೆ. ಆ ಪಾಠವನ್ನು ಕನ್ನಡದ ತರಗತಿಯಲ್ಲಿ ಕೇಳಿದ ವಿದ್ಯಾರ್ಥಿಗೆ, ಮುಂದಿನ ಅವಧಿಯ ಇಂಗ್ಲಿಷ್ ತರಗತಿಯಲ್ಲಿ ಅದರಿಂದ ಉಪಯೋಗವಿದೆಯೆಂದು ಯಾರೂ ಹೇಳುವುದಿಲ್ಲ.

ತಪ್ಪೆಂದು ಎಣಿಸಿದುದೆಲ್ಲ ಗ್ರಾಮೀಣ ವಿದ್ಯಾರ್ಥಿಯ ದೋಷವೂ ಅಲ್ಲ. ‘ಡಿಸ್ಕಸ್ ಅಬೌಟ್’, ‘ಎಂಫಸೈಜ್ ಆನ್’, ‘ಕೋಪ್ ಅಪ್ ವಿತ್’ ಎಂಬ ಬಳಕೆಗಳು ವಿದ್ಯಾವಂತ ಭಾರತೀಯರ ಇಂಗ್ಲಿಷಿನಲ್ಲಿ ವ್ಯಾಪಕವಾಗಿವೆ. ಕರ್ನಾಟಕದ ಗಡಿಯಾಚೆಗಿನ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿಯವರ ನೇತೃತ್ವದಲ್ಲಿ ಸಿದ್ಧವಾದ, 1978ರ ಮುದ್ರಿತ ಬರಹಗಳಿಂದ ಆಯ್ದ ಸುಮಾರು ಹತ್ತು ಲಕ್ಷ ಪದಗಳ ಸಂಗ್ರಹವು ಭಾರತೀಯ ಇಂಗ್ಲಿಷನ್ನು ಅದು ಇರುವಂತೆಯೇ ಅಧ್ಯಯನ ಮಾಡಲು ದಾರಿ ಮಾಡಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರರ ನೇತೃತ್ವದ ಕೋಬಿಲ್ಡ್ ನಿಘಂಟು 1987ರಲ್ಲಿಯೂ, ಕ್ರಿಯಾಪದ ಸಂಯೋಜನೆಗಳಿಗೇ ಮೀಸಲಾದ ಅದರ ನಿಘಂಟು 1989ರಲ್ಲಿಯೂ ಬಂದವು. ಬಳಕೆಯನ್ನು ಎಣಿಸಿ ನೋಡಿ ನಿಯಮವನ್ನು ಹೇಳುವ ಈ ಪದ್ಧತಿ ಕನ್ನಡ ಮಾಧ್ಯಮದ ಇಂಗ್ಲಿಷ್ ಬೋಧನೆಯವರೆಗೆ ಇಳಿದು ಬಂದುದು ಅತ್ಯಲ್ಪ.

ಇಂಗ್ಲಿಷಿನಿಂದ ಕನ್ನಡಕ್ಕೆ

ಪ್ರಭಾವ ಒಂದೇ ದಿಕ್ಕಿನದಲ್ಲ. ಬರಹದ ಕನ್ನಡದಲ್ಲಿ ಇಂಗ್ಲಿಷಿನ ಪ್ರಿಪೊಸಿಷನ್‌ಗಳು ಕನ್ನಡದ ವೇಷ ತೊಟ್ಟು ನೆಲೆಸಿವೆ. ಸರ್ಕಾರಿ ಪ್ರಕಟಣೆಗಳ ‘ಯೋಜನೆಯಡಿ’, ‘ಕಾಯ್ದೆಯಡಿ’ ಎಂಬ ರೂಪಗಳಲ್ಲಿ ‘ಅಂಡರ್’ ಎಂಬುದರ ನೆರಳಿದೆ. ‘ವಿಷಯದ ಮೇಲೆ ಭಾಷಣ’, ‘ವಿಷಯದ ಮೇಲೆ ಬೆಳಕು ಚೆಲ್ಲು’ ಎಂಬಲ್ಲಿ ‘ಆನ್’ ಎಂಬುದರ ನೆರಳಿದೆ. ‘ಮಳೆಯ ಮೇಲೆ ಅವಲಂಬಿತವಾದ ಬೇಸಾಯ’ ಎಂದು ವರದಿಯಲ್ಲಿ ಬರೆಯುತ್ತಾರೆ. ರೈತ ‘ಮಳೆ ನಂಬ್ಕೊಂಡು’ ಬೇಸಾಯ ಮಾಡುತ್ತಾನೆ. ಅವಲಂಬಿಸು ಎಂಬುದು ದ್ವಿತೀಯಾ ವಿಭಕ್ತಿಯನ್ನು ಬಯಸುವ ಕ್ರಿಯಾಪದ. ಅದಕ್ಕೆ ‘ಮೇಲೆ’ ಬಂದುದು ಇಂಗ್ಲಿಷಿನ ‘ಡಿಪೆಂಡ್ ಆನ್’ ಎಂಬುದರಿಂದ. ವಿದ್ಯಾವಂತರು ಕನ್ನಡದಲ್ಲಿ ಮಾಡುವ ಈ ಪಲ್ಲಟಕ್ಕೆ ‘ಶೈಲಿ’ಯೆಂದು ಹೆಸರು, ಹಳ್ಳಿಯ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಮಾಡುವ ಅದೇ ಪಲ್ಲಟಕ್ಕೆ ‘ತಪ್ಪು’ ಎಂದು ಹೆಸರು. ಭಾಷಾವಿಜ್ಞಾನದ ದೃಷ್ಟಿಯಿಂದ ಎರಡೂ ಒಂದೇ ಪ್ರಕ್ರಿಯೆಯ ಎರಡು ಮುಖಗಳು.

ನಿಘಂಟು ಮತ್ತು ಬೋಧನೆ

ವಿಲಿಯಂ ರೀವ್ ಇಂಗ್ಲಿಷ್–ಕರ್ಣಾಟಕ ನಿಘಂಟನ್ನು 1824ರಲ್ಲಿ ಹೊರತಂದ ಕಾಲದಿಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನವರೆಗೆ ಈ ಕ್ಷೇತ್ರದಲ್ಲಿ ದೊಡ್ಡ ಸಾಧನೆ ನಡೆದಿದೆ. ವಿಶ್ವವಿದ್ಯಾನಿಲಯದ ನಿಘಂಟಿನಲ್ಲಿ ಕ್ರಿಯಾಪದದ ಕೆಳಗೆ ಪದಗುಚ್ಛ, ನುಡಿಗಟ್ಟುಗಳನ್ನು ಪ್ರತ್ಯೇಕವಾಗಿ ಕೊಟ್ಟಿರುವುದು ಕಲಿಯುವವರಿಗೆ ಮಹದುಪಕಾರ. ಆದರೂ ದ್ವಿಭಾಷಾ ನಿಘಂಟುಗಳು ಸಾಮಾನ್ಯವಾಗಿ ಅರ್ಥಕ್ಕೆ ಕೊಡುವ ಗಮನವನ್ನು ಅನ್ವಯಕ್ಕೆ ಕೊಡುವುದಿಲ್ಲ. ‘ವೇಟ್’ ಎಂದರೆ ಕಾಯು ಎಂದು ತಿಳಿದರೆ ಓದುವುದಕ್ಕೆ ಸಾಕು, ಬರೆಯುವುದಕ್ಕೆ ಸಾಲದು. ‘ವೇಟ್ ಫಾರ್’ ಎಂಬುದು ಕನ್ನಡದ ‘-ಗೆ’ ಅಥವಾ ‘-ಗಾಗಿ’ ಎಂಬುದಕ್ಕೆ ಸಂವಾದಿಯೆಂದು ಅದೇ ಸಾಲಿನಲ್ಲಿ ಸೂಚಿಸಿದರೆ ಬಳಸುವವನಿಗೆ ದಾರಿ ಸಿಗುತ್ತದೆ. ಎ.ಎಸ್. ಹಾರ್ನ್‌ಬಿ ಜಪಾನಿನ ವಿದ್ಯಾರ್ಥಿಗಳಿಗಾಗಿ 1942ರಲ್ಲಿ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟಿನಲ್ಲಿ ಪ್ರತಿಯೊಂದು ಕ್ರಿಯಾಪದಕ್ಕೂ ವಾಕ್ಯರಚನೆಯ ಮಾದರಿಯನ್ನು ಸೂಚಿಸಿದುದು ಇಂಥದೇ ಅಗತ್ಯವನ್ನು ಕಂಡು.

ಕರ್ನಾಟಕದಲ್ಲಿ 2007ರ ಶೈಕ್ಷಣಿಕ ವರ್ಷದಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಇಂಗ್ಲಿಷ್ ಬೇಕೇ ಬೇಡವೇ ಎಂಬ ವಾದ ದಶಕಗಳ ಕಾಲ ನಡೆದರೂ, ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷನ್ನು ಹೇಗೆ ಹೇಳಿಕೊಡಬೇಕು ಎಂಬ ಪ್ರಶ್ನೆ ಅಷ್ಟು ಗಂಭೀರವಾಗಿ ಚರ್ಚೆಗೆ ಬರಲಿಲ್ಲ. ಕನ್ನಡವನ್ನು ತರಗತಿಯ ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸುವುದೇ ಆಧುನಿಕವೆಂಬ ನಂಬಿಕೆ ಬಲವಾಯಿತು. ಆದರೆ ಹೊರಗೆ ನಿಲ್ಲಿಸಿದ ಕನ್ನಡ ಹೊರಗೆ ನಿಲ್ಲುವುದಿಲ್ಲ. ‘ಶೌಟೆಡ್ ಆನ್ ಮಿ’ ಎಂಬಲ್ಲಿ ಅದು ಯಾರ ಅನುಮತಿಯೂ ಇಲ್ಲದೆ ಒಳಗೆ ಬರುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಕ್ರಿಯಾಪದದ ಅರ್ಥವನ್ನು ಬದಲಿಸುವ ಅವ್ಯಯಕ್ಕೂ ನಾಮಪದದ ಸಂಬಂಧವನ್ನು ಸೂಚಿಸುವ ಅವ್ಯಯಕ್ಕೂ ಪ್ರತ್ಯೇಕ ಹೆಸರುಗಳು ಬೇಕು. ಉಪಸರ್ಗವೆಂಬ ಹೆಸರನ್ನು ಮೊದಲನೆಯದಕ್ಕೆ ಮಾತ್ರ ಉಳಿಸಿಕೊಂಡು, ಎರಡನೆಯದನ್ನು ವಿಭಕ್ತ್ಯರ್ಥಕ ಅವ್ಯಯವೆಂದು ಕರೆಯುವುದು ಸೂಕ್ತ. ಎರಡು, ಮೊದಲನೆಯ ವರ್ಗವನ್ನು ಬಿಡು, ಹೋಗು, ಹಾಕು, ಕೊಳ್ಳು ಎಂಬ ಸಹಾಯಕ ಕ್ರಿಯಾಪದಗಳ ಹಿನ್ನೆಲೆಯಲ್ಲಿಯೂ, ಎರಡನೆಯ ವರ್ಗವನ್ನು ವಿಭಕ್ತಿಗಳ ಹಿನ್ನೆಲೆಯಲ್ಲಿಯೂ ಬೋಧಿಸಬೇಕು. ಹೊಂದುವ ಕಡೆ ಸಾಮ್ಯವನ್ನು, ಹೊಂದದ ಕಡೆ ಭೇದವನ್ನು ಸ್ಪಷ್ಟವಾಗಿ ಹೇಳಬೇಕು. ಮೂರು, ಮುಂದೆ ಸಿದ್ಧವಾಗುವ ಇಂಗ್ಲಿಷ್–ಕನ್ನಡ ನಿಘಂಟುಗಳು ಕ್ರಿಯಾಪದದ ಅರ್ಥದೊಡನೆ ವಿಭಕ್ತಿಯ ಸೂಚನೆಯನ್ನೂ ಕೊಡಬೇಕು.

ದೊಡ್ಡಆಲಹಳ್ಳಿಯ ದಾರಿಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿ ಮೋಟಾರನ್ನು ಆನ್ ಮಾಡಬಲ್ಲ, ಆಟದಲ್ಲಿ ಗೆಳೆಯನನ್ನು ಔಟ್ ಮಾಡಬಲ್ಲ, ಧಾರಣೆ ವರ್ಕೌಟ್ ಆಗದಿರುವುದನ್ನು ಅಪ್ಪನಿಂದ ಕೇಳಿ ಬಲ್ಲ. ತಮ್ಮನನ್ನು ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನಿಗೆ ತಿಳಿದಿರುವುದರಿಂದ ಆರಂಭಿಸಿದರೆ ಇಂಗ್ಲಿಷಿನ ಸಣ್ಣ ಪದಗಳು ಅವನಿಗೆ ದೊಡ್ಡ ತಡೆಯಾಗಬೇಕಿಲ್ಲ.